ಮರಳು ಎಲ್ಲಿಗೆ ಹೋಯಿತು?

ಅಕ್ಕಂದಿರೇ, ಉಳ್ಳಾಲದಿಂದ ಕಾರವಾರದವರೆಗೆ ನಮ್ಮದು ಕಡಲ ನಾಡು. ಮಳೆಗಾಲ ಬಂತೆಂದರೆ ಕಡಲು ಅಬ್ಬರಿಸುತ್ತದೆ. ದಂಡೆಯ ಮರಳು ಕಾಣೆಯಾಗುತ್ತದೆ. “ಕಡಲು ನುಂಗಿತು” ಅಂತೀವಿ. ನಿಜವಾಗಿಯೂ ನುಂಗಿತೇ? ಬನ್ನಿ, ತಿಳಿಯೋಣ.

ಆಳದ ನೀರಿನಲ್ಲಿ ಅಲೆ ಸಲೀಸಾಗಿ ಬರುತ್ತದೆ. ದಡದ ಹತ್ತಿರ ಆಳ ಕಡಿಮೆ. ಅಲ್ಲಿ ಅಲೆಯ ಬುಡಕ್ಕೆ ನೆಲ ತಾಗುತ್ತದೆ. ಅಲೆಯ ಓಟ ನಿಧಾನವಾಗುತ್ತದೆ. ಎತ್ತರ ಹೆಚ್ಚುತ್ತದೆ. ಕೊನೆಗೆ ತಲೆ ವಾಲಿ ಒಡೆಯುತ್ತದೆ. 4 ಅಡಿ ಎತ್ತರದ ಅಲೆ ಸುಮಾರು 5 ಅಡಿ ಆಳದಲ್ಲಿ ಒಡೆಯುತ್ತದೆ. ಅಂದರೆ, ಅಲೆ ಎಲ್ಲಿ ಒಡೆಯಬೇಕು ಅನ್ನೋದನ್ನು ಅಡಿಯ ಮರಳು ತೀರ್ಮಾನಿಸುತ್ತದೆ.

ಆ ಮರಳಿನ ಏರುತಗ್ಗು ಮಾಡಿದವರು ಯಾರು? ಅಲೆಯೇ!

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಅಲೆಗಳು ದಂಡೆಯ ಮರಳನ್ನು ಕೆರೆದು ಒಳಗೆ ಎಳೆಯುತ್ತವೆ. ಸ್ವಲ್ಪ ದೂರದಲ್ಲಿ ಗುಡ್ಡೆ ಹಾಕುತ್ತವೆ. ನೀರಿನೊಳಗೆ ಮರಳಿನ ದಿಬ್ಬ ಏಳುತ್ತದೆ. ಮುಂದೆ ಬರುವ ದೊಡ್ಡ ಅಲೆ ದಿಬ್ಬದ ಮೇಲೇ ಒಡೆಯುತ್ತದೆ. ದಡ ಮುಟ್ಟುವಾಗ ಅದರ ಬಲ ಕುಗ್ಗಿರುತ್ತದೆ. ಗದ್ದೆಗೆ ಬೇಲಿ ಇದ್ದ ಹಾಗೆ ದಡಕ್ಕೆ ಈ ದಿಬ್ಬ.

ಮಳೆ ಕಳೆದ ಮೇಲೆ ಸಣ್ಣ ಅಲೆಗಳು ಮರಳನ್ನು ನಿಧಾನವಾಗಿ ದಡಕ್ಕೆ ತರುತ್ತವೆ. ಬೇಸಿಗೆಗೆ ದಂಡೆ ಮತ್ತೆ ಅಗಲವಾಗುತ್ತದೆ. ನಾವು ಮೀನು ಒಣಗಿಸುವುದು ಅದೇ ಮರಳಿನ ಮೇಲೆ.

ದಂಡೆಯ ಮರಳು ಲಾರಿ ಹತ್ತಿದರೆ ಏನಾಗುತ್ತದೆ? ದಿಬ್ಬ ಕಟ್ಟಲು ಮರಳು ಸಾಲದು. ಅಲೆ ತೆಂಗಿನ ಬುಡಕ್ಕೆ, ಮನೆಯ ಪಾಯಕ್ಕೆ ಬಂದು ಬಡಿಯುತ್ತದೆ. ಕಡಲು ಒಯ್ದ ಮರಳು ತಿರುಗಿ ಬರಬಹುದು. ಲಾರಿ ಒಯ್ದ ಮರಳು ಬಾರದು. ದಂಡೆಯ ಮರಳು ತೆಗೆಯುವುದನ್ನು ತಡೆಯಲು 1991ರಲ್ಲೇ ಕರಾವಳಿ ನಿಯಂತ್ರಣ ವಲಯದ ನಿಯಮ ಬಂದಿದೆ. ಲಾರಿ ಬಂದರೆ ನಾವೆಲ್ಲ ಸೇರಿ ಪಂಚಾಯತಿಗೆ ಅರ್ಜಿ ಬರೆಯೋಣ. ಈಗ ನಮಗೆ ಬರೆಯಲು ಬರುತ್ತದಲ್ಲ!

ಇನ್ನೊಂದು ಮಾತು. ದಿಬ್ಬದ ನಡುವೆ ಕೆಲವು ಕಡೆ ತಗ್ಗು ಇರುತ್ತದೆ. ಅಲ್ಲಿ ಅಲೆ ಅಷ್ಟಾಗಿ ಒಡೆಯುವುದಿಲ್ಲ. ನೀರು ಶಾಂತವಾಗಿ ಕಾಣುತ್ತದೆ. ಆದರೆ ದಡಕ್ಕೆ ಬಂದ ನೀರು ಆ ತಗ್ಗಿನಿಂದಲೇ ರಭಸವಾಗಿ ಕಡಲಿಗೆ ಮರಳುತ್ತದೆ. ಮಕ್ಕಳನ್ನು ಅಲ್ಲಿ ಇಳಿಯಲು ಬಿಡಬೇಡಿ. ಸೆಳೆತಕ್ಕೆ ಸಿಕ್ಕವರು ಅದರ ಎದುರಿಗೆ ಈಜಬಾರದು. ದಡದ ಉದ್ದಕ್ಕೆ, ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಗೆ ಬರಬೇಕು.

ಓದಿ, ಬರೆಯಿರಿ: ಅಲೆ, ಮರಳು, ದಿಬ್ಬ, ದಂಡೆ, ಸೆಳೆತ.

ಉತ್ತರ ಹೇಳಿ:
1. ಮಳೆಗಾಲದಲ್ಲಿ ದಂಡೆಯ ಮರಳು ಎಲ್ಲಿಗೆ ಹೋಗುತ್ತದೆ?
2. ಮರಳಿನ ದಿಬ್ಬ ನಮ್ಮ ಮನೆಯನ್ನು ಹೇಗೆ ಕಾಯುತ್ತದೆ?
3. ಶಾಂತವಾಗಿ ಕಾಣುವ ನೀರಿನಲ್ಲೂ ಅಪಾಯ ಏಕೆ ಇರುತ್ತದೆ?