ಸುಮಾಕ್: ಕೆಂಪಾಗುವ ಎಲೆಯ ಪಾಠ

ಗಲ್ಫಿನಲ್ಲಿ ಬಂಧುಗಳಿರುವ ವಿದ್ಯಾರ್ಥಿಗಳು ಕಬಾಬಿನ ಮೇಲೆ ಉದುರಿಸುವ ಹುಳಿಯಾದ ಕೆಂಪು ಪುಡಿಯನ್ನು ನೋಡಿರಬಹುದು. ಅದೇ ಸುಮಾಕ್. ಅರಬ್ಬಿಯ 'ಸುಮ್ಮಾಕ್' ಎಂಬ ಪದದಿಂದ ಬಂದ ಹೆಸರು. ಆ ಪುಡಿ ರಸ್ ಕೊರಿಯಾರಿಯಾ ಎಂಬ ಪೊದೆಯ ಹಣ್ಣಿನದು. ಇದೇ ಕುಲದ ಇನ್ನೊಂದು ಸಸ್ಯ ರಸ್ ಟೈಫಿನಾ. ಪೂರ್ವ ಉತ್ತರ ಅಮೆರಿಕದ ಈ ಗಿಡ ಉದ್ಯಾನದಲ್ಲಿ ಹೆಸರು ಮಾಡಿದ್ದು ಶರತ್ಕಾಲದ ಬಣ್ಣಕ್ಕಾಗಿ. ಎಳೆಯ ರೆಂಬೆಗಳ ಮೇಲೆ ಜಿಂಕೆಯ ಎಳೆಗೊಂಬಿನಂತೆ ಮಖಮಲ್ಲಿನ ರೋಮವಿರುವುದರಿಂದ ಅಲ್ಲಿನವರು ಇದನ್ನು 'ಸ್ಟ್ಯಾಗ್‌ಹಾರ್ನ್ ಸುಮಾಕ್' ಎನ್ನುತ್ತಾರೆ.

ಎಲೆ ಕೆಂಪಾಗುವುದು ಹೇಗೆ? ಪೇಪರ್ ಕ್ರೊಮ್ಯಾಟೊಗ್ರಫಿಯಲ್ಲಿ ಎಲೆಯ ರಸದಿಂದ ಹಸಿರಿನ ಜೊತೆಗೆ ಹಳದಿ ಪಟ್ಟಿಯೂ ಬೇರ್ಪಡುವುದನ್ನು ನೀವು ಲ್ಯಾಬಿನಲ್ಲಿ ಕಂಡಿದ್ದೀರಿ. ಹಳದಿ ಮೊದಲಿನಿಂದಲೂ ಎಲೆಯಲ್ಲಿರುತ್ತದೆ, ಪತ್ರಹರಿತ್ತು ಒಡೆದುಹೋದಾಗ ಹೊರಗೆ ಕಾಣುತ್ತದೆ. ಕೆಂಪಿನ ಕಥೆ ಬೇರೆ. ಹಗಲು ಕುಗ್ಗಿ ಚಳಿ ಶುರುವಾದಾಗ ಎಲೆಯ ತೊಟ್ಟಿನ ಬುಡದಲ್ಲಿ ಬೇರ್ಪಡುವ ಪದರ ಬೆಳೆಯುತ್ತದೆ. ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಅದರಿಂದ ಆಂಥೋಸಯನಿನ್ ಎಂಬ ಕೆಂಪು ವರ್ಣಕ ಹೊಸದಾಗಿ ತಯಾರಾಗಿ ಜೀವಕೋಶದ ರಸದಾನಿಯಲ್ಲಿ ಸೇರುತ್ತದೆ. ಬಿಸಿಲಿನ ಹಗಲು, ತಣ್ಣಗಿನ ಆದರೆ ಹಿಮಗಟ್ಟದ ರಾತ್ರಿ ಸಿಕ್ಕರೆ ಬಣ್ಣ ಗಾಢವಾಗುತ್ತದೆ. ಹಾಗಾಗಿ ತೋಟಗಾರರು ಸುಮಾಕನ್ನು ನೆರಳಿನಲ್ಲಿ ನೆಡುವುದಿಲ್ಲ. ನೀರು ನಿಲ್ಲದ ನೆಲ ಬೇಕು, ಬಡ ಮಣ್ಣಾದರೂ ಸಾಕು. ಗೊಬ್ಬರ ಸುರಿದರೆ ಎಲೆ ಸೊಂಪಾಗುತ್ತದೆ, ಕೆಂಪು ಹೆಚ್ಚುವುದಿಲ್ಲ.

ಇನ್ನು ತೊಂದರೆಯ ವಿಷಯ. ಬಣ್ಣಕ್ಕೆ ಮಾರುಹೋಗಿ ಒಂದು ಗಿಡ ನೆಟ್ಟವರು ಕೆಲವು ವರ್ಷಗಳಲ್ಲಿ ಒಂದು ಮೆಳೆಗೇ ಯಜಮಾನರಾಗುತ್ತಾರೆ! ನೆಲದಡಿಯ ಬೇರುಗಳಿಂದ ಅಲ್ಲಲ್ಲಿ ಮರಿಗಿಡಗಳು ಏಳುತ್ತವೆ, ಬೇಲಿ ದಾಟಿ ನೆರೆಮನೆಗೂ ಹೋಗುತ್ತವೆ. ಅಗೆದು ಬೇರು ಕತ್ತರಿಸಿದರೆ ಗಾಯವಾದಲ್ಲಿ ಮತ್ತಷ್ಟು ಚಿಗುರುತ್ತವೆ. ಬೇರಿಗೆ ಅಡ್ಡಗೋಡೆಯಂಥ ತಡೆ ಹೂಳುವುದು, ಇಲ್ಲವೇ ದೊಡ್ಡ ಕುಂಡದಲ್ಲಿ ಬೆಳೆಸುವುದು ಜಾಣತನ. ಸುತ್ತ ಹುಲ್ಲುಹಾಸಿದ್ದರೆ ಕತ್ತರಿಸುವ ಯಂತ್ರವೇ ಮರಿಗಳನ್ನು ಹತೋಟಿಯಲ್ಲಿಡುತ್ತದೆ. ಗಂಡು ಹೆಣ್ಣು ಗಿಡಗಳು ಬೇರೆಬೇರೆ. ಶಂಕುವಿನಾಕಾರದ ಕೆಂಪು ಹಣ್ಣಿನ ಗೊಂಚಲು ಹೆಣ್ಣು ಗಿಡದಲ್ಲಿ ಮಾತ್ರ. ಅದನ್ನು ತಣ್ಣೀರಿನಲ್ಲಿ ನೆನೆಸಿ ಸೋಸಿದರೆ ನಿಂಬೆ ಪಾನಕದಂಥ ಪಾನೀಯವಾಗುತ್ತದೆ.

ಆದರೆ ಹೆಸರು ನೋಡಿ ಕೈ ಹಾಕಬಾರದು. ಅಮೆರಿಕದ ಜೌಗು ನೆಲದಲ್ಲಿ ಬೆಳೆಯುವ 'ಪಾಯ್ಸನ್ ಸುಮಾಕ್' ಕೂಡ ಶರತ್ಕಾಲದಲ್ಲಿ ಅಷ್ಟೇ ಚಂದ ಕೆಂಪಾಗುತ್ತದೆ. ಮುಟ್ಟಿದರೆ ಉರುಶಿಯಾಲ್ ಎಂಬ ಎಣ್ಣೆಯಿಂದ ಚರ್ಮ ಕೆರೆದು ಬೊಬ್ಬೆ ಏಳುತ್ತದೆ. ಅದರ ಒಣಗಿದ ಗಿಡವನ್ನು ಸುಟ್ಟರೆ ಹೊಗೆಯೂ ಅಪಾಯ. ಗುರುತು ಸುಲಭ: ಅದರ ಹಣ್ಣು ಬಿಳಿ, ಜೋತುಬಿದ್ದಿರುತ್ತದೆ, ಕಿರುಎಲೆಗಳ ಅಂಚು ನಯ. ಸ್ಟ್ಯಾಗ್‌ಹಾರ್ನ್‌ನ ಹಣ್ಣು ಕೆಂಪು, ನೆಟ್ಟಗೆ ನಿಲ್ಲುತ್ತದೆ, ಕಿರುಎಲೆಯ ಅಂಚು ಗರಗಸದಂತೆ. ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ, ಗೇರುಬೀಜ ಸುಡುವಾಗ ಸಿಡಿದ ಎಣ್ಣೆ ಅನುಭವಿಸಿದವರಿಗೆ ಇದು ಹೊಸತಲ್ಲ. ಮಾವು, ಗೇರು, ಸುಮಾಕ್ ಎಲ್ಲವೂ ಅನಕಾರ್ಡಿಯೇಸೀ ಕುಟುಂಬದವು.

ರಸ್ ಟೈಫಿನಾಗೆ ನಿಜವಾದ ಚಳಿಗಾಲ ಬೇಕು, ನಮ್ಮ ಕಾಲೇಜಿನ ಅಂಗಳದಲ್ಲಿ ಪ್ರಯತ್ನಿಸಿ ಫಲವಿಲ್ಲ. ಆದರೆ ಮೈಸೂರಿನ ಹೆಸರು ಹೊತ್ತ ಒಂದು ನೆಂಟ ಇಲ್ಲೇ ಇದೆ. ಹಿಂದೆ ರಸ್ ಮೈಸೊರೆನ್ಸಿಸ್, ಈಗ ಸಿಯರ್ಸಿಯಾ ಮೈಸೊರೆನ್ಸಿಸ್. ಒಣ ಕುರುಚಲು ಕಾಡಿನ ಮುಳ್ಳುಪೊದೆ, ಒಂದು ತೊಟ್ಟಿಗೆ ಮೂರು ಕಿರುಎಲೆ. ಬಯಲುಸೀಮೆಯ ಕಡೆ ಪ್ರವಾಸ ಹೋದಾಗ ಹುಡುಕಿ ನೋಡಿ.