ಎರಡನೇ ಕಾಗದ

ಕಣ್ಣು ಸರಿಯಾಗಿ ಕಾಣದ ಮಗಳ ಯುಡಿಐಡಿ, ಅಂದರೆ ಅಂಗವೈಕಲ್ಯದ ಗುರುತಿನ ಕಾರ್ಡು, ಬಂದ ದಿನ ಪುಣೆ ಹತ್ತಿರದ ಭೋಸರಿ ಎಂಐಡಿಸಿಯ ನಮ್ಮ ಶಾಪಿನಲ್ಲಿ ಎಲ್ಲರಿಗೂ ಪೇಢೆ ಹಂಚಿದ್ದೆ. ಪರೀಕ್ಷೆಯ ತಾಪತ್ರಯ ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆ ಕಾರ್ಡಿನ ಜೊತೆಗೆ ಇನ್ನೊಂದು ಕಾಗದ ಬೇಕಿತ್ತು. ಅದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಾರ್ಡೂ ತಡವಾಗಿಯೇ ಬಂದದ್ದು. ಅವಳು ಹತ್ತನೇ ಇಯತ್ತೆಯಲ್ಲಿದ್ದಾಗಲೇ ಶಾಲೆಯ ಸರ್ ಮನೆಗೆ ಬಂದು, ಸರ್ಟಿಫಿಕೇಟ್ ಮಾಡಿಸಿರಿ, ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ ಎಂದಿದ್ದರು. ಇಂಡಿ ಕಡೆಯ ನಮ್ಮೂರಿನಿಂದ ಅಕ್ಕ ಬಂದಿದ್ದಳು. ‘ಹೆಣ್ ಹುಡಗೀಗೆ ಸರಕಾರದ ಶಿಕ್ಕಾ ಹೊಡಸ್ತೀ ಏನೋ? ನಾಳೆ ಯಾರ್ ಮಾಡ್ಕೋತಾರ ಅಕೀನ್ನ?’ ಅಂದಳು. ನನ್ನ ಅತ್ತೆಯೂ ಅವಳೇ. ಅಕ್ಕನ ಮಗಳನ್ನು ಮದುವೆಯಾದವನು ನಾನು. ಕಣ್ಣಿನ ಡಾಕ್ಟರು ಮೊದಲ ದಿನ ಕೇಳಿದ್ದೂ ಅದನ್ನೇ, ಸಂಬಂಧದಲ್ಲೇ ಮದುವೆಯೇ ಎಂದು. ಮನೆಯಲ್ಲಿ ನಾವು ಆ ಮಾತು ತೆಗೆಯುವುದಿಲ್ಲ. ಎಲ್ಲವನ್ನೂ ಅಕ್ಕನ ಮೇಲೆ ಹಾಕಿ ಪಾರಾಗಬಹುದಿತ್ತು, ಆದರೆ ಅರ್ಜಿಗೆ ಸಹಿ ಹಾಕದೆ ಕೂತದ್ದು ನನ್ನ ಕೈ.

ಹತ್ತನ್ನೂ ಹನ್ನೆರಡನ್ನೂ ಅವಳು ಭೂತಗನ್ನಡಿ ಹಿಡಿದೇ ಪಾಸು ಮಾಡಿದಳು. ಆಮೇಲೆ ಬಿ.ಕಾಂ. ಎಂದು ಹಟ ಹಿಡಿದಳು. ಪ್ರವೇಶದ ಕೌಂಟರಿನಲ್ಲಿದ್ದವರು ಅವಳ ಮುಖ ನೋಡದೆ ನನಗೆ ಬುದ್ಧಿ ಹೇಳಿದರು: ‘ಬಿ.ಎ.ಗೆ ಹಾಕಿ ಕಾಕಾ. ಇಲ್ಲವಾದರೆ ಮನೆಯಲ್ಲೇ ಕೂತು ಓದುವ ಕೋರ್ಸು ಇದೆ. ಅಕೌಂಟ್ಸ್ ಇವಳಿಗೆ ಆಗುವುದಿಲ್ಲ.’ ನಾನು ಅರ್ಧ ಒಪ್ಪಿಯೂ ಬಿಟ್ಟಿದ್ದೆ. ಮೆಟ್ಟಿಲಿಳಿಯುವಾಗ ಅವಳು ತೋಳು ಹಿಡಿದು ನಿಲ್ಲಿಸಿದಳು. ‘ಅಪ್ಪಾ, ನನಗ ಲೆಕ್ಕ ಬರ್ತದ. ಅಂಕಿ ಕಾಣೂದಿಲ್ಲ, ಅಷ್ಟ.’ ಮತ್ತೆ ಮೆಟ್ಟಿಲು ಹತ್ತಿದೆವು.

2016ರ ಅಂಗವಿಕಲರ ಹಕ್ಕುಗಳ ಕಾನೂನು ಬಂದ ಮೇಲೆ ಅಂಗವೈಕಲ್ಯಗಳ ಪಟ್ಟಿ 7ರಿಂದ 21ಕ್ಕೆ ಏರಿದೆ. ಸರಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ 5ರಷ್ಟು ಸೀಟು ಇಂಥ ಮಕ್ಕಳಿಗೆ ಮೀಸಲು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಗೊತ್ತಿದ್ದದ್ದು ಒಂದೇ, ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ವೈದ್ಯಕೀಯ ಮಂಡಳಿಯ ಮುಂದೆ ಕೂರಬೇಕು. ಮಂಡಳಿ ‘ಲೋ ವಿಷನ್, ಶೇ 40’ ಎಂದು ಬರೆಯಿತು. ಸವಲತ್ತಿನ ಗೆರೆ ಇರುವುದೂ 40ಕ್ಕೇ. ಗೆರೆಯ ಮೇಲೆ ಕಾಲಿಟ್ಟೆವೆಂದು ಹಿಗ್ಗಿದೆ. ಕಾರ್ಡಿನ ಜೆರಾಕ್ಸನ್ನು ಕಾಲೇಜಿನ ಆಫೀಸಿಗೆ ಕೊಟ್ಟೆ. ಸಮಾನ ಅವಕಾಶ ಕೇಂದ್ರ ಎಂದು ಫಲಕವಿದ್ದ ಕೋಣೆಗೆ ಬೀಗ ಹಾಕಿತ್ತು. ಆಫೀಸಿನವರು ‘ಹೋಊನ್ ಜಾಈಲ್’ ಅಂದರು. ಆಗಿಬಿಡುತ್ತದೆ ಅಂತ.

ಪರೀಕ್ಷೆ ಬರೆದುಕೊಡುವವರಿಗೆ ಇಲ್ಲಿ ಲೇಖನಿಕ ಅನ್ನುತ್ತಾರೆ, ನಮ್ಮ ಬಾಯಲ್ಲಿ ರೈಟರ್. ಆಗ ಇದ್ದ ಕೇಂದ್ರ ಸರಕಾರದ 2018ರ ಮಾರ್ಗಸೂಚಿಯಂತೆ, ನಾವೇ ಕರೆತರುವ ರೈಟರ್ ಒಂದು ಮೆಟ್ಟಿಲು ಕೆಳಗೆ ಓದಿದವನಾಗಿರಬೇಕಿತ್ತು. ಪರೀಕ್ಷೆ ಇದ್ದದ್ದು ಡಿಸೆಂಬರಿನಲ್ಲಿ. ತಮ್ಮ ಓದು ಬಿಟ್ಟು ಹನ್ನೆರಡನೇ ಹುಡುಗರು ಯಾರು ಬರುತ್ತಾರೆ? ಹತ್ತು ಮನೆಯ ಬಾಗಿಲು ತಟ್ಟಿದ ಮೇಲೆ ನಮ್ಮ ಸೊಸೈಟಿಯ ಒಬ್ಬ ಹುಡುಗ ಒಪ್ಪಿದ. ಅವನ ತಾಯಿಗೆ ನಾನು ಇವತ್ತಿಗೂ ಋಣಿ.

ಅಕೌಂಟ್ಸ್ ಪೇಪರಿನ ದಿನ ಮೂವರೂ ಮುಕ್ಕಾಲು ತಾಸು ಮೊದಲೇ ಕೇಂದ್ರ ಮುಟ್ಟಿದೆವು. ಪರೀಕ್ಷೆಯ ಅಧಿಕಾರಿ ಕಾರ್ಡನ್ನು ಹಿಂದೆಮುಂದೆ ತಿರುಗಿಸಿ, ‘ಇದು ಲೋ ವಿಷನ್. ಬ್ಲೈಂಡ್ ಅಲ್ಲ. ಸಿವಿಲ್ ಸರ್ಜನ್ ಪತ್ರ ಎಲ್ಲಿ?’ ಅಂದರು. ಯಾವ ಪತ್ರ? ‘ಇವಳಿಗೆ ಕೈಯಾರೆ ಬರೆಯಲು ಆಗುವುದಿಲ್ಲ, ರೈಟರ್ ಬೇಕೇ ಬೇಕು ಅನ್ನುವ ಪತ್ರ. ನಿಯಮ ಆಹೇ, ಕಾಕಾ.’ ನಾನು ದನಿ ಏರಿಸಿದೆ. ಶಾಪಿನಲ್ಲಿ ಲೇಥ್ ಸದ್ದಿನ ಮೇಲೆ ಮಾತಾಡಿ ರೂಢಿಯಾದ ದನಿ. ಇಡೀ ವರಾಂಡ ತಿರುಗಿ ನೋಡಿತು. ಕಾಲೇಜಿನ ಆಫೀಸಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಗಂಟೆ ಹೊಡೆಯಿತು. ಒಳಗೆ ಪ್ರಶ್ನೆಪತ್ರಿಕೆ ಹಂಚಿದ್ದಾಯಿತು. ಅರ್ಧ ತಾಸು ದಾಟಿದರೆ ಒಳಗೆ ಬಿಡುವುದಿಲ್ಲ ಎಂದು ಗೋಡೆಯ ಮೇಲೆ ಬರೆದಿತ್ತು. ಇಪ್ಪತ್ತೈದನೇ ನಿಮಿಷಕ್ಕೆ ಮಗಳು ನನ್ನ ಅಂಗಿ ಜಗ್ಗಿದಳು. ‘ಸಾಕು ಬಿಡಪ್ಪಾ. ನಾನ ಬರೀತೀನಿ.’ ಚೀಲದಿಂದ ಭೂತಗನ್ನಡಿ ತೆಗೆದುಕೊಂಡು ಒಳಗೆ ಹೋದಳು.

ನಾನೂ ಆ ಹುಡುಗನೂ ಗೇಟಿನೆದುರು ಚಹಾದ ಗಾಡಿಯ ಹತ್ತಿರ ನಿಂತೆವು. ಅವನು ಫಿಸಿಕ್ಸ್ ಪುಸ್ತಕ ತೆರೆದು ಓದುತ್ತ ನಿಂತ, ಪಾಪ. ನಾನು ಚಹಾದ ಮೇಲೆ ಚಹಾ ಕುಡಿದೆ. ಒಳಗೆ ನಡೆದದ್ದನ್ನು ಅವಳು ರಾತ್ರಿ ಹೇಳಿದಳು. ಭೂತಗನ್ನಡಿಯಲ್ಲಿ ಒಂದು ಸಲಕ್ಕೆ ಮೂರೋ ನಾಲ್ಕೋ ಅಂಕಿ ಕಾಣುತ್ತವೆ. ಹೆಸರು ಓದಿ, ಕನ್ನಡಿಯನ್ನು ಬಲಕ್ಕೆ ಸರಿಸಿ ಮೊತ್ತ ಹುಡುಕುವಷ್ಟರಲ್ಲಿ ಸಾಲು ತಪ್ಪುತ್ತದೆ. ತಪ್ಪಬಾರದೆಂದು ಎಡಗೈ ಬೆರಳನ್ನು ಸಾಲಿನ ಮೇಲೆ ಒತ್ತಿ ಹಿಡಿದಿದ್ದಳಂತೆ. ಟ್ರಯಲ್ ಬ್ಯಾಲೆನ್ಸ್ ಕೂಡಲಿಲ್ಲ. 5,000 ವ್ಯತ್ಯಾಸ. ಮೊದಲಿನಿಂದ ಎಲ್ಲವನ್ನೂ ತಾಳೆ ನೋಡಿದಳು. ಸಾಲಗಾರರ ಮೊತ್ತದಲ್ಲಿ 3 ಇದ್ದದ್ದನ್ನು 8 ಎಂದು ಓದಿದ್ದಳು. ಅದು ಸಿಕ್ಕಿ, ಫೈನಲ್ ಅಕೌಂಟ್ಸಿಗೆ ಗೆರೆ ಹಾಕುವಾಗ ಮೂರು ತಾಸು ಮುಗಿಯಿತು, ಉತ್ತರಪತ್ರಿಕೆ ಎಳೆದುಕೊಂಡರು. ಹೊರಗೆ ಬಂದಾಗ ಅವಳ ಬೆರಳ ತುದಿ ಶಾಯಿಯಲ್ಲಿ ಕಪ್ಪಾಗಿತ್ತು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅಕೌಂಟ್ಸಿನಲ್ಲಿ ಎಟಿಕೆಟಿ ಬಂತು, ಅಂದರೆ ಫೇಲಾದ ಆ ಪೇಪರನ್ನು ಮತ್ತೆ ಬರೆಯಬೇಕು.

ಆ ಅಧಿಕಾರಿಯನ್ನು ತಿಂಗಳುಗಟ್ಟಲೆ ಬೈದೆ. ಆಮೇಲೆ ಕಾಲೇಜಿನ ಒಬ್ಬ ತರುಣ ಮೇಡಂ ಮಾರ್ಗಸೂಚಿಯನ್ನು ಪ್ರಿಂಟ್ ತೆಗೆದು ನನ್ನ ಮುಂದಿಟ್ಟರು. ಪತ್ರದ ವಿಷಯದಲ್ಲಿ ಆ ಅಧಿಕಾರಿ ಹೇಳಿದ್ದು ಸರಿಯೇ ಇತ್ತು! ಅಂಧರಿಗೆ, ಎರಡೂ ಕೈಗಳ ತೊಂದರೆ ಇರುವವರಿಗೆ, ಸೆರೆಬ್ರಲ್ ಪಾಲ್ಸಿ ಇರುವವರಿಗೆ ಕೇಳಿದರೆ ಸಾಕು, ರೈಟರ್ ಕೊಡಬೇಕಿತ್ತು. ಉಳಿದವರು ನಿಗದಿತ ನಮೂನೆಯಲ್ಲಿ ಸರಕಾರಿ ವೈದ್ಯಾಧಿಕಾರಿಯ ಪತ್ರ ತರಬೇಕಿತ್ತು. ಆದರೆ ಅದೇ ಹಾಳೆಯ ಇನ್ನೊಂದು ಅಂಶವನ್ನು ಅವರೂ ಓದಿರಲಿಲ್ಲ. ರೈಟರ್ ಇಲ್ಲದೆ ಬರೆದರೂ ಮೂರು ತಾಸಿನ ಪೇಪರಿಗೆ ಕನಿಷ್ಠ ಒಂದು ತಾಸು ಹೆಚ್ಚು ಕೊಡಬೇಕಿತ್ತು. ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆಯನ್ನೂ ಕೇಳಬಹುದಿತ್ತು. ಪತ್ರವಿಲ್ಲದ್ದು ನನ್ನ ತಪ್ಪು ಎನ್ನೋಣ. ಆ ಒಂದು ತಾಸು ಯಾರ ತಪ್ಪು?

ಕಾಲೇಜು ಸೇರಿದ ದಿನವೇ ಇದನ್ನು ಹೇಳಬೇಕಾದವರು ಬೀಗದ ಹಿಂದಿದ್ದರು. ಹೇಳಿದ ಮೇಡಂಗೆ ಅದು ಕೆಲಸದ ಪಟ್ಟಿಯಲ್ಲೇ ಇರಲಿಲ್ಲ. ಸಲಹೆ ಎಂದರೆ ‘ಬಿ.ಎ. ತೊಗೊಳ್ಳಿ’ ಅನ್ನುವುದಲ್ಲ, ಯಾವ ತಿಂಗಳಲ್ಲಿ ಯಾವ ಕಾಗದ ಎಂದು ಹೇಳುವುದು ಎಂದು ನನಗೆ ತಿಳಿದದ್ದು ಅವರಿಂದ.

ಆ ಪತ್ರಕ್ಕೆ ಜಿಲ್ಲಾ ಆಸ್ಪತ್ರೆಗೆ ಎರಡು ಸಲ ಅಲೆದೆ, ಎರಡು ದಿನದ ಪಗಾರ ಹೋಯಿತು. ಡಾಕ್ಟರು ಸಹಿ ಹಾಕಲು ಐದು ನಿಮಿಷವೂ ಹಿಡಿಯಲಿಲ್ಲ. ಮುಂದಿನ ಸಲ ಮಗಳು ರೈಟರ್ ಬೇಡ ಅಂದಳು. ದೊಡ್ಡ ಅಕ್ಷರದ ಪತ್ರಿಕೆ, ನಾಲ್ಕು ತಾಸು, ತನ್ನದೇ ಕೈ. ಪತ್ರ ಫೈಲಿನಲ್ಲೇ ಉಳಿಯಿತು. ಟ್ರಯಲ್ ಬ್ಯಾಲೆನ್ಸ್ ಮೊದಲ ಸಲಕ್ಕೇ ಕೂಡಿತಂತೆ. ಎಟಿಕೆಟಿ ಹೋಯಿತು.

ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ನನ್ನ ಹಾಗೆ ಕಾರ್ಡು ನೋಡಿ ಪೇಢೆ ಹಂಚಬೇಡಿ. ಈ ನಿಯಮಗಳು ಬದಲಾಗುತ್ತಿರುತ್ತವೆ, ಆ ವರ್ಷದ ಸುತ್ತೋಲೆಯನ್ನೇ ಕೇಳಿ. ಶೇಕಡಾ 40ಕ್ಕಿಂತ ಕಡಿಮೆ ಬಂತೆಂದು ಕೈಚೆಲ್ಲಬೇಡಿ. 2021ರಲ್ಲಿ ವಿಕಾಸ್ ಕುಮಾರ್ ಎಂಬ ಯುಪಿಎಸ್‌ಸಿ ಅಭ್ಯರ್ಥಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅಂಥವರಿಗೂ ರೈಟರ್ ಕೊಡಬೇಕೆಂದಿದೆ. ಕೊಟ್ಟ ಪ್ರತಿ ಅರ್ಜಿಗೂ ಆಫೀಸಿನ ಠಸ್ಸೆ ಹಾಕಿಸಿಕೊಂಡ ನಕಲು ಇಟ್ಟುಕೊಳ್ಳಿ. ಇದನ್ನೆಲ್ಲ ಡಿಸೆಂಬರಿನಲ್ಲಲ್ಲ, ಜೂನ್‌ನಲ್ಲೇ ಮಾಡಿ. ಮತ್ತೆ, ಯಾವ ಕೋರ್ಸು ಎಂದು ಕೌಂಟರಿನವರನ್ನು ಕೇಳುವ ಮೊದಲು ಮಗುವನ್ನು ಕೇಳಿ.