ಕಣದ ಕಾವಲು: ಕ್ಯಾಮೆರಾದ ದಾಖಲೆ ಎಲ್ಲಿರಬೇಕು?



ಅಡಿಕೆ ಸುಲಿದು, ಬೇಯಿಸಿ, ಕಣದಲ್ಲಿ ಹರವಿದ ಮೇಲೆ ಬೆಳೆಗಾರನಿಗೆ ನಿದ್ದೆ ಹತ್ತುವುದಿಲ್ಲ. ವರ್ಷದ ದುಡಿಮೆ ಬಯಲಿನಲ್ಲಿ ಬಿದ್ದಿರುತ್ತದೆ. ಮುಂಡರಗಿ, ಶಿರಹಟ್ಟಿಯ ಹೊಳೆಸಾಲಿನಲ್ಲಾಗಲಿ, ಲಕ್ಷ್ಮೇಶ್ವರದ ಕಡೆ ಬೋರಿನ ನೀರಿಗೆ ತೋಟ ಮಾಡಿದವರಲ್ಲಾಗಲಿ, ಕಣ ಒಂದು ಕಡೆ, ಮಲಗುವ ಮನೆ ಇನ್ನೊಂದು ಕಡೆ. ಹೀಗಾಗಿ ಹಲವರು ಕ್ಯಾಮೆರಾ ಹಾಕಿಸಿದ್ದಾರೆ.

ನಾನೂ ಹಾಕಿಸಿದ್ದೆ. ಹಿಂದಿನ ಸುಗ್ಗಿಯಲ್ಲಿ ಒಂದು ರಾತ್ರಿ ಎರಡು ಚೀಲ ಕೆಂಪಡಿಕೆ ಹೋಯಿತು. ಜೊತೆಗೆ ಕ್ಯಾಮೆರಾವೂ ಹೋಯಿತು. ಚಿತ್ರವೆಲ್ಲ ಅದರೊಳಗಿನ ಕಾರ್ಡಿನಲ್ಲಿತ್ತು. ಠಾಣೆಯಲ್ಲಿ ತೋರಿಸಲು ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ.

1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಹಣ ಮುಟ್ಟುವವನೇ ಲೆಕ್ಕದ ಪುಸ್ತಕವನ್ನೂ ಇಟ್ಟುಕೊಳ್ಳಬಾರದೆಂಬುದು ಸಹಕಾರಿಗಳಿಗೆ ತಿಳಿದ ಮಾತು. ಕ್ಯಾಮೆರಾಕ್ಕೂ ಇದೇ ನ್ಯಾಯ. ನೋಡುವ ಕಣ್ಣು ಕಣದಲ್ಲಿರಲಿ, ದಾಖಲೆ ಬೀಗ ಹಾಕಿದ ಕೋಣೆಯಲ್ಲಿರಲಿ.

ಬೇಕಾಗುವ ಸಾಮಾನು

ಮನೆಯ ಜಾಲಕ್ಕೆ ಸೇರಿಸಿದ, ಡಿಸ್ಕ್ ಇರುವ ಪೆಟ್ಟಿಗೆಗೆ ಅಂಗಡಿಯವರು ‘ನ್ಯಾಸ್’ ಎನ್ನುತ್ತಾರೆ. ಐಪಿ ಕ್ಯಾಮೆರಾಗಳಲ್ಲಿ ಹಲವು ತಮ್ಮ ಚಿತ್ರವನ್ನು ನೇರವಾಗಿ ಇದಕ್ಕೆ ಬರೆಯಬಲ್ಲವು. ಕೊಳ್ಳುವ ಮುನ್ನ ಆ ಸೌಲಭ್ಯ ಇದೆಯೇ ಎಂದು ಕೇಳಿರಿ. ದಾಖಲೆ ಮಾಡಲು ಇಂಟರ್‌ನೆಟ್ ಬೇಕಿಲ್ಲ. ಮನೆಯೊಳಗಿನ ಜಾಲ ಸಾಕು.

ಪಿಒಇ ಸ್ವಿಚ್ ತೆಗೆದುಕೊಳ್ಳುವುದು ಲೇಸು. ಒಂದೇ ತಂತಿಯಲ್ಲಿ ಕ್ಯಾಮೆರಾಕ್ಕೆ ಕರೆಂಟೂ ಹೋಗುತ್ತದೆ, ಚಿತ್ರವೂ ಬರುತ್ತದೆ. ಪಂಪಿನ ತ್ರೀ ಫೇಸ್ ಲೈನು ಇಡೀ ದಿನ ಇರುವುದಿಲ್ಲವಾದ್ದರಿಂದ ಅದನ್ನು ನೆಚ್ಚಬಾರದು. ಸ್ವಿಚ್, ರೂಟರ್ ಮತ್ತು ನ್ಯಾಸ್ ಮೂರನ್ನೂ ಮನೆಯ ಒಂದು ಯುಪಿಎಸ್‌ಗೆ ಹಚ್ಚಿದರೆ ಕರೆಂಟು ಹೋದಾಗಲೂ ಕ್ಯಾಮೆರಾ ಕೆಲಸ ಮಾಡುತ್ತದೆ. ತಾಮ್ರದ ಜಾಲತಂತಿಯ ಮಿತಿ 100 ಮೀಟರ್. ಕಣ ಅದಕ್ಕಿಂತ ದೂರವಿದ್ದರೆ ಫೈಬರ್ ಎಳೆಯಿರಿ; ಗಾಜಿನ ಎಳೆ ಸಿಡಿಲಿನ ಹೊಡೆತವನ್ನು ಒಳಗೆ ತರುವುದಿಲ್ಲ. ಆಗ ಕಣದ ತುದಿಯಲ್ಲಿ ಬೇರೆ ಸ್ವಿಚ್, ಬೇರೆ ಬ್ಯಾಟರಿ ಬೇಕಾಗುತ್ತದೆ.

ಡಿಸ್ಕ್ ಎಷ್ಟು ದೊಡ್ಡದು?

ಎಚ್.265 ಪದ್ಧತಿಯ 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಸೆಕೆಂಡಿಗೆ 2 ಮೆಗಾಬಿಟ್‌ಗೆ ಇಟ್ಟಿರೆನ್ನಿ. ದಿನಕ್ಕೆ 86,400 ಸೆಕೆಂಡು. 8 ಬಿಟ್‌ಗೆ ಒಂದು ಬೈಟ್. ಆಗ ದಿನಕ್ಕೆ 21.6 ಗಿಗಾಬೈಟ್ ಆಯಿತು. ನಾಲ್ಕು ಕ್ಯಾಮೆರಾಕ್ಕೆ 86.4. 4 ಟೆರಾಬೈಟ್ ಡಿಸ್ಕಿನಲ್ಲಿ 3,600 ಗಿಗಾಬೈಟ್ ಬಳಸಿದರೆ ಸುಮಾರು 41 ದಿನದ ದಾಖಲೆ ನಿಲ್ಲುತ್ತದೆ. ಹಗಲಿರುಳು ಬರೆಯಲೆಂದೇ ಮಾಡಿದ ಕಾವಲು ಡಿಸ್ಕ್‌ಗಳು ಸಿಗುತ್ತವೆ; ಅವನ್ನೇ ಹಾಕಿಸಿರಿ.

ಜೋಡಿಸುವ ಕ್ರಮ

1. ನ್ಯಾಸ್‌ಗೂ ಪ್ರತಿ ಕ್ಯಾಮೆರಾಕ್ಕೂ ಬದಲಾಗದ ಐಪಿ ವಿಳಾಸ ಕೊಡಿರಿ. ಕಾರ್ಖಾನೆಯ ಪಾಸ್‌ವರ್ಡ್ ತೆಗೆದು ನಿಮ್ಮದನ್ನು ಹಾಕಿರಿ.

2. ನ್ಯಾಸ್‌ನಲ್ಲಿ ಪ್ರತಿ ಕ್ಯಾಮೆರಾಕ್ಕೆ ಬೇರೆ ಫೋಲ್ಡರ್, ಬೇರೆ ಬಳಕೆದಾರನ ಹೆಸರು ಮಾಡಿರಿ. ಯಜಮಾನನ ಪಾಸ್‌ವರ್ಡನ್ನು ಕ್ಯಾಮೆರಾದೊಳಗೆ ಬರೆಯಬೇಡಿರಿ. ಕ್ಯಾಮೆರಾ ಕದ್ದವನಿಗೆ ಅದೂ ಸಿಕ್ಕೀತು.

3. ಪ್ರತಿ ಫೋಲ್ಡರಿಗೆ ಜಾಗದ ಮಿತಿ ಹಾಕಿರಿ. ಮೇಲಿನ ಲೆಕ್ಕಕ್ಕೆ 900 ಗಿಗಾಬೈಟ್. ಇದನ್ನು ಮರೆತರೆ ಕೆಲವು ಕ್ಯಾಮೆರಾಗಳು ಕಂಡಷ್ಟು ಜಾಗವನ್ನೆಲ್ಲ ತಮ್ಮದಾಗಿಸಿಕೊಳ್ಳುತ್ತವೆ.

4. ಕ್ಯಾಮೆರಾದ ಸ್ಟೋರೇಜ್ ಪುಟದಲ್ಲಿ ನ್ಯಾಸ್‌ನ ವಿಳಾಸ, ಫೋಲ್ಡರಿನ ದಾರಿ, ಎನ್‌ಎಫ್‌ಎಸ್ ಅಥವಾ ಎಸ್‌ಎಂಬಿ ಪದ್ಧತಿ, ಹೆಸರು, ಪಾಸ್‌ವರ್ಡ್ ತುಂಬಿರಿ. ಪರೀಕ್ಷೆ ಸರಿಬಂದ ಮೇಲೆ ಸತತ ದಾಖಲೆಯನ್ನೂ, ಹಳೆಯದರ ಮೇಲೆ ಬರೆಯುವುದನ್ನೂ ಆರಿಸಿರಿ.

5. ಎಲ್ಲ ಕ್ಯಾಮೆರಾಗಳ ಗಡಿಯಾರವನ್ನು ನ್ಯಾಸ್‌ನ ಗಡಿಯಾರಕ್ಕೆ ಕೂಡಿಸಿರಿ. ವೇಳೆ ತಪ್ಪಿದ ಚಿತ್ರಕ್ಕೆ ಬೆಲೆ ಕಡಿಮೆ.

6. ಮರುದಿನ ಕ್ಯಾಮೆರಾದ ತಂತಿ ಕಿತ್ತು, ಹಿಂದಿನ ರಾತ್ರಿಯ ಚಿತ್ರ ನ್ಯಾಸ್‌ನಿಂದ ಬರುತ್ತದೆಯೇ ನೋಡಿರಿ. ಇದೇ ನಿಜವಾದ ಪರೀಕ್ಷೆ. ತಿಂಗಳಿಗೊಮ್ಮೆ ಮಾಡಿರಿ.

ಕ್ಯಾಮೆರಾದಲ್ಲಿ ಕಾರ್ಡೂ ಇರಲಿ. ತಂತಿ ಕಡಿದಾಗ ಅದು ಎರಡನೆಯ ಆಸರೆ. ನೇರವಾಗಿ ಬರೆಯಲಾರದ ಕ್ಯಾಮೆರಾ ನಿಮ್ಮಲ್ಲಿದ್ದರೆ, ನ್ಯಾಸ್‌ನ ಕಾವಲು ತಂತ್ರಾಂಶ ಆನ್‌ವಿಫ್ ಮೂಲಕ ಚಿತ್ರವನ್ನು ತಾನೇ ಎಳೆದುಕೊಳ್ಳಬಹುದು. ಎಷ್ಟು ಕ್ಯಾಮೆರಾಕ್ಕೆ ಲೈಸೆನ್ಸ್ ಉಚಿತ ಎಂಬುದನ್ನು ಮೊದಲೇ ಕೇಳಿರಿ.

ಕಾನೂನಿನ ಮಾತು

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯೊಂದಿಗೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಕಡತದ ‘ಹ್ಯಾಶ್’ ಸಂಖ್ಯೆ ಇರಬೇಕು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಆದ್ದರಿಂದ ಕಳವಾದ ಕೂಡಲೇ ಮೂಲ ಕಡತವನ್ನು ಬೇರೆ ಡಿಸ್ಕಿಗೆ ಪ್ರತಿ ಮಾಡಿ ಇಡಿರಿ. ವಾಟ್ಸಾಪಿನಲ್ಲಿ ಕಳಿಸಿದ ವಿಡಿಯೊ ಕುಗ್ಗಿರುತ್ತದೆ. ಅದು ಮೂಲ ಕಡತವಲ್ಲ. ದಿನ ತಡೆದರೆ ಹಳೆಯದರ ಮೇಲೆ ಹೊಸದು ಬರೆದುಹೋಗುತ್ತದೆ.

ಇನ್ನೊಂದು ಮಾತು. ಕ್ಯಾಮೆರಾ ನಮ್ಮ ಕಣ, ಗೋದಾಮು, ಗೇಟು ನೋಡಲಿ. ಆಳುಗಳು ಉಂಡು ಮಲಗುವ ಜಾಗದ ಕಡೆಗೂ ನೆರೆಯವರ ಅಂಗಳದ ಕಡೆಗೂ ತಿರುಗದಿರಲಿ. ಕ್ಯಾಮೆರಾ ಇದೆಯೆಂದು ಫಲಕ ಹಾಕಿರಿ.

ಮಲೆನಾಡಿನ ಸದಸ್ಯರ ಕಾಫಿ, ಮೆಣಸಿನ ಕಣಗಳಿಗೂ ಈ ಪಾಠ ಸಲ್ಲುತ್ತದೆ.

ಅಭ್ಯಾಸ: ಮೂರು ಕ್ಯಾಮೆರಾ, ತಲಾ ಸೆಕೆಂಡಿಗೆ 3 ಮೆಗಾಬಿಟ್, 30 ದಿನ. ಎಷ್ಟು ಜಾಗ ಬೇಕು? ಉತ್ತರ: 2,916 ಗಿಗಾಬೈಟ್. 4 ಟೆರಾಬೈಟಿನ ಡಿಸ್ಕ್ ಸಾಕು.